ಅಪ್ಪ ಅಮ್ಮನ ಜೊತೆ ವಿಯೆಟ್ನಾಂಗೆ ಹೊರಟಿದ್ದೇವೆ, ದುಡ್ಡನ್ನು ಹೇಗೆ ಒಯ್ಯೋದು?

ತಿಪಟೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವಳು, ಪ್ರೈಮರಿ ಶಾಲೆಯಲ್ಲಿ ಟೀಚರ್. ಬೇಸಿಗೆ ರಜೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ವಿಯೆಟ್ನಾಂಗೆ ಹೊರಟಿದ್ದೇನೆ. ಎಂಟು ದಿನ. ಹನೋಯಿ, ದನಾಂಗ್, ಹೋಯಿ ಆನ್. ವಿಮಾನದ ಟಿಕೆಟ್, ಹೋಟೆಲ್ ಎರಡಕ್ಕೂ ದುಡ್ಡು ಕಟ್ಟಿ ಆಗಿದೆ. ಅಲ್ಲಿ ಊಟ, ಓಡಾಟ, ನೋಡುವ ಜಾಗದ ಟಿಕೆಟ್, ಒಂದಿಷ್ಟು ಬಟ್ಟೆಬರೆ, ಇಷ್ಟೇ ಖರ್ಚು.

ನಮ್ಮ ಮೂವರಲ್ಲಿ ಯಾರೂ ಇದುವರೆಗೆ ದೇಶ ಬಿಟ್ಟು ಹೋದವರಲ್ಲ. ಅಪ್ಪ ಹೋಗಿರುವ ದೂರದ ಊರು ಅಂದರೆ ಕಾಶಿ. ಆಗ ಅಷ್ಟೂ ದುಡ್ಡನ್ನು ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿಟ್ಟು, ಮೇಲೆ ಪಿನ್ನು ಹಾಕಿಕೊಂಡು ಹೋಗಿ ಬಂದಿದ್ದರು. ಒಂದು ರೂಪಾಯಿ ಕಳೆದಿರಲಿಲ್ಲ. ಈಗಲೂ ಹಾಗೇ ಮಾಡೋಣ ಅನ್ನುತ್ತಾರೆ. ಎರಡು ಲಕ್ಷ ರೂಪಾಯಿ ನೋಟು ತೆಗೆದುಕೊಂಡು ಹೋಗಿ, ಅಲ್ಲಿ ಬೇಕಾದಾಗ ಬದಲಾಯಿಸಿಕೊಂಡರಾಯಿತು ಅಂತ. "ನನ್ನ ದುಡ್ಡು ನನ್ನ ಮೈಮೇಲಿದ್ದರೆ ನನಗೆ ನಿದ್ದೆ ಬರುತ್ತೆ" ಅನ್ನೋದು ಅವರ ಮಾತು.

ದುಡ್ಡು ಅವರದೇ. ವರ್ಷ ಪೂರ್ತಿ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿ ಮಾಡಿ ಎಪಿಎಂಸಿಗೆ ಹಾಕಿ ಬಂದ ದುಡ್ಡು. ಆ ಧೂಳಿನಲ್ಲಿ ಅಮ್ಮನೂ ಕೂತು ಕೆಲಸ ಮಾಡಿದ್ದಾಳೆ. ಅದು ಯಾವುದೋ ಊರಿನ ಗಲ್ಲಿಯಲ್ಲಿ ಹೋಯಿತು ಅಂದರೆ ನಾನು ಅವರ ಮುಖ ಹೇಗೆ ನೋಡಲಿ? ಟಿಕೆಟ್ ಬುಕ್ ಮಾಡಿದ ದಿನದಿಂದ ಇದೇ ಯೋಚನೆ.

ನನ್ನ ಹತ್ತಿರ ಸಂಬಳದ ಖಾತೆಯ ಡೆಬಿಟ್ ಕಾರ್ಡ್ ಒಂದಿದೆ. ಅಪ್ಪನಿಗೆ ರುಪೇ ಕಾರ್ಡ್ ಇದೆ. ಫೋನ್‌ನಲ್ಲಿ ಯುಪಿಐ ಇದೆ. ನಗದು ಎಷ್ಟು ಒಯ್ಯಬೇಕು? ಡಾಲರೋ, ರೂಪಾಯಿಯೋ, ಅಲ್ಲಿಯ ಡಾಂಗೋ? ಎಲ್ಲ ಒಬ್ಬರ ಹತ್ತಿರ ಇರಬೇಕೋ, ಹಂಚಿಕೊಳ್ಳಬೇಕೋ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕೋಲಾರ ಮಂಡಿ

ಅಕ್ಕ, ಇಷ್ಟೊಂದು ಹೆದರಬೇಡಿ. ನಾನು ಹೋದ ವರ್ಷ ದುಬೈಗೆ ಹೋಗಿದ್ದೆ. ಎಷ್ಟೋ ಅಂಗಡಿಯಲ್ಲಿ ಯುಪಿಐ ನಡೆಯಿತು. ನಮ್ಮ ಟೊಮೇಟೊ ಮಾರ್ಕೆಟ್ ಎದುರಿನ ಟೀ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಹಾಗೇ ಮಾಡಿದೆ. ನೀವೂ ಯುಪಿಐ ನಂಬಿಕೊಂಡು ಹೋಗಿ. ಮಿಕ್ಕಿದ್ದಕ್ಕೆ ಅಪ್ಪ ಹೇಳಿದ ಹಾಗೆ ರೂಪಾಯಿ ಇಟ್ಟುಕೊಳ್ಳಿ. ಡಾಲರ್ ತಗೊಳ್ಳೋಕೆ ಹೋದರೆ 20% ತೆರಿಗೆ ಹಿಡಿಯುತ್ತಾರೆ ಅಂತ ಕೇಳಿದ್ದೇನೆ, ಆ ತಲೆನೋವು ಬೇಡ.

ಶಿರಾ ಗೇಟ್ ಕ್ಯಾಷಿಯರ್

ನೋಡಮ್ಮ, ನಾನು ತುಮಕೂರಿನವನು. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದೆ, ಅದರಲ್ಲಿ ಹೆಚ್ಚು ಕಾಲ ಕ್ಯಾಶ್ ಕೌಂಟರಿನಲ್ಲೇ ಕಳೆದೆ. ರಿಟೈರ್ ಆದ ಮೇಲೆ ನಾನೂ ನನ್ನ ಹೆಂಡತಿಯೂ ನೀವು ಹೇಳಿದ ಇದೇ ಮೂರು ಊರಿಗೆ ಹೋಗಿ ಬಂದೆವು. ಒಂಬತ್ತು ದಿನ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಾವಧಾನವಾಗಿ ಓದಿ.

ಮೊದಲು ಕೋಲಾರದ ತಮ್ಮ ಹೇಳಿದ ಮಾತು. ಯುಪಿಐ ನಡೆಯುವ ದೇಶಗಳಿವೆ. ಯುಎಇ, ಸಿಂಗಾಪುರ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್, ಇಲ್ಲೆಲ್ಲ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. ಅದಕ್ಕೂ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿ ಅನ್ನೋದನ್ನು ಮೊದಲೇ ಆನ್ ಮಾಡಿರಬೇಕು. ವಿಯೆಟ್ನಾಂಗೆ ಹೋಗುವಾಗ ಅದನ್ನು ನಂಬಿಕೊಂಡು ಹೋಗಬೇಡಿ. ತೆರಿಗೆ ವಿಷಯಕ್ಕೂ ಹೆದರಬೇಡಿ. ಹೊರದೇಶಕ್ಕೆ ದುಡ್ಡು ಒಯ್ಯುವಾಗ ಮೂಲದಲ್ಲೇ ತೆರಿಗೆ ಹಿಡಿಯುವುದು ಒಬ್ಬರದು ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲೆ. 2025ರ ಏಪ್ರಿಲ್‌ನಿಂದ ಈ ಮಿತಿ. ನೀವು ಅದರ ಹತ್ತಿರಕ್ಕೂ ಹೋಗಲ್ಲ. ಹಿಡಿದರೂ ರಿಟರ್ನ್ಸ್ ಹಾಕುವಾಗ ಸರಿಹೊಂದಿಸಿಕೊಳ್ಳಬಹುದು.

ಇನ್ನು ಅಪ್ಪನ ಎರಡು ಲಕ್ಷ. ಇದನ್ನು ಅವರಿಗೆ ನೇರವಾಗಿ ಹೇಳಿ. ನಮ್ಮ ರೂಪಾಯಿ ನೋಟನ್ನು ದೇಶದಿಂದ ಹೊರಗೆ ಒಯ್ಯಲು ಒಬ್ಬರಿಗೆ 25,000 ರೂಪಾಯಿವರೆಗೆ ಮಾತ್ರ ಅವಕಾಶ. ಚಡ್ಡಿ ಜೇಬಿನಲ್ಲಿ ಎರಡು ಲಕ್ಷ ಇಟ್ಟುಕೊಂಡು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ತಪಾಸಣೆಗೆ ನಿಂತರೆ, ಕಳ್ಳರ ಕೈಗೆ ಸಿಗುವ ಮೊದಲೇ ಕಸ್ಟಮ್ಸ್‌ನವರಿಗೆ ಉತ್ತರ ಹೇಳಬೇಕಾಗುತ್ತದೆ. ಅದೂ ಅಲ್ಲದೆ ಅಲ್ಲಿ ರೂಪಾಯಿ ಬದಲಾಯಿಸಿದರೆ ರೇಟು ತುಂಬ ಕಡಿಮೆ ಸಿಗುತ್ತದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಊರಿಗೆ ಬರುವ ಟ್ಯಾಕ್ಸಿಗೆ, ಊಟಕ್ಕೆ ಅಂತ ಐದಾರು ಸಾವಿರ ರೂಪಾಯಿ ಇಟ್ಟುಕೊಳ್ಳಿ, ಸಾಕು.

ಡಾಲರ್ ತೆಗೆದುಕೊಳ್ಳಿ. ನಿಮ್ಮ ಬ್ಯಾಂಕಿನಲ್ಲಿ ಕೇಳಿ, ಇಲ್ಲದಿದ್ದರೆ ಆರ್‌ಬಿಐ ಲೈಸೆನ್ಸ್ ಇರುವ ಹಣ ವಿನಿಮಯದವರ ಹತ್ತಿರ ಹೋಗಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೇಳುತ್ತಾರೆ. ಏನೂ ಕೇಳದೆ ಕೊಡುವವನ ಹತ್ತಿರ ತೆಗೆದುಕೊಳ್ಳಬೇಡಿ. 50,000 ರೂಪಾಯಿಗಿಂತ ಜಾಸ್ತಿ ಆದರೆ ನಗದು ಕೊಡುವ ಹಾಗಿಲ್ಲ, ಖಾತೆಯಿಂದ ಕಟ್ಟಬೇಕು. ರಸೀದಿ ಪಡೆದು ಪಾಸ್‌ಪೋರ್ಟ್ ಜೊತೆಗೇ ಇಡಿ. ನಗದು ರೂಪದಲ್ಲಿ ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ಒಯ್ಯಬಹುದು, ಆದರೆ ನಿಮಗೆ ಅಷ್ಟು ಯಾಕೆ? ನಾವಿಬ್ಬರು 500 ಡಾಲರ್ ನಗದು ಒಯ್ದೆವು, ಕಾರ್ಡ್ ಬೇರೆ ಇತ್ತು. 140 ಡಾಲರ್ ಉಳಿಸಿಕೊಂಡು ಬಂದೆವು. ಮೂರು ಜನಕ್ಕೆ 600, 700 ಇದ್ದರೆ ನನ್ನ ಲೆಕ್ಕದಲ್ಲಿ ಧಾರಾಳ.

ನೋಟು ಈಸಿಕೊಳ್ಳುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಮಡಚಿ ಹರಿದದ್ದು, ಪೆನ್ನಿನ ಗೀಟು ಬಿದ್ದದ್ದು, ಸೀಲು ಹೊಡೆದದ್ದು ಬೇಡ ಅನ್ನಿ. ನಮ್ಮ ಕಡೆ ನೋಟಿನ ಮೇಲೆ ಲೆಕ್ಕ ಬರೆದಿದ್ದರೂ ನಡೆದುಬಿಡುತ್ತದೆ. ಅಲ್ಲಿ ಡಾಲರ್ ಮೇಲೆ ಒಂದು ಸಣ್ಣ ಕಲೆ ಇದ್ದರೂ ವಾಪಸ್ ತಳ್ಳುತ್ತಾರೆ. ನೂರರ ನೋಟಿಗೆ ಚಿಲ್ಲರೆ ನೋಟಿಗಿಂತ ಒಳ್ಳೆಯ ರೇಟು ಕೊಡುವ ಅಂಗಡಿಗಳೂ ಇವೆ.

ಈಗ ನನಗೆ ಆದದ್ದು. ಇದನ್ನು ಹೇಳುವುದಕ್ಕೇ ನಾನು ಬರೆಯಲು ಕೂತಿದ್ದು.

ವಿಯೆಟ್ನಾಂ ನೋಟಿನಲ್ಲಿ 20,000 ಡಾಂಗ್‌ನದು ನೀಲಿ ಬಣ್ಣ. 5,00,000 ಡಾಂಗ್‌ನದೂ ನೀಲಿಯೇ, ಸ್ವಲ್ಪ ಹಸಿರು ಕಡೆಗೆ ವಾಲಿದ ನೀಲಿ. ಎರಡೂ ಪ್ಲಾಸ್ಟಿಕ್ಕಿನಂಥ ಪಾಲಿಮರ್ ನೋಟು. ಎರಡರ ಮೇಲೂ ಹೋ ಚಿ ಮಿನ್ ಚಿತ್ರ. ಮೊದಲನೆಯದು ನಮ್ಮ ಎಪ್ಪತ್ತು ರೂಪಾಯಿ ಹತ್ತಿರ, ಎರಡನೆಯದು ಸಾವಿರದ ಏಳುನೂರು ರೂಪಾಯಿ ಹತ್ತಿರ.

ಹನೋಯಿಯಲ್ಲಿ ಎರಡನೇ ದಿನ. ಬೆಳಗ್ಗೆಯಿಂದ ಹೋನ್ ಕಿಯೆಮ್ ಕೆರೆ, ಹಳೇ ಪೇಟೆ ಅಂತ ಸುತ್ತಿ ಕಾಲು ಸೋತಿತ್ತು. ರಾತ್ರಿ ಹತ್ತಾಗಿತ್ತು. ಮಳೆ ಹನಿಯುತ್ತಿತ್ತು. ಟ್ಯಾಕ್ಸಿಯಲ್ಲಿ ಹೋಟೆಲಿಗೆ ಬಂದೆವು, ಮೀಟರಿನಲ್ಲಿ 80,000. ಹಿಂದೆ ಬೈಕುಗಳು ಹಾರ್ನ್ ಹೊಡೆಯುತ್ತಿದ್ದವು. ಒಳಗೆ ದೀಪ ಮಂಕು. ನಾನು ಪರ್ಸಿನಿಂದ ನಾಲ್ಕು ನೀಲಿ ನೋಟು ಎಳೆದು ಕೊಟ್ಟು ಇಳಿದೆ. ರೂಮಿಗೆ ಬಂದು ದಿನದ ಲೆಕ್ಕ ಬರೆಯುತ್ತಾ ಕೂತಾಗ 4,80,000 ಡಾಂಗ್ ಕಡಿಮೆ ಬಂತು. ಮೂರು ಸಲ ಕೂಡಿಸಿದೆ. ಆಮೇಲೆ ಗೊತ್ತಾಯಿತು, ಆ ನಾಲ್ಕರಲ್ಲಿ ಒಂದು ಐದು ಲಕ್ಷದ್ದು. ಆ ಹುಡುಗ ನೋಡಿದನೋ ಇಲ್ಲವೋ, ಅವನನ್ನು ನಾನು ದೂರುವುದಿಲ್ಲ. ಕೊಟ್ಟವನು ನಾನು.

ಸಾವಿರದ ಆರುನೂರು ರೂಪಾಯಿ ದೊಡ್ಡ ಮೊತ್ತ ಅಲ್ಲ ಅನ್ನಬಹುದು. ಆದರೆ ಸಂಜೆ ಕ್ಯಾಶ್ ಟ್ಯಾಲಿ ಆಗದೆ ಮನೆಗೆ ಹೋಗದವನು ನಾನು. ಲಕ್ಷಗಟ್ಟಲೆ ನೋಟು ಎಣಿಸಿದ ಕೈ ಇದು. ಆ ರಾತ್ರಿ ನಿದ್ದೆ ಬರಲಿಲ್ಲ. ಹಾಗೆ ಮಲಗಿ ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಬ್ಯಾಂಕಿನಲ್ಲಿ ನಾನು ತಪ್ಪದೇ ಇದ್ದದ್ದು ಬುದ್ಧಿವಂತ ಅಂತಲ್ಲ. ಅಲ್ಲಿ ಕುರ್ಚಿ ಇತ್ತು, ಟ್ಯೂಬ್‌ಲೈಟ್ ಇತ್ತು, ಒಂದೊಂದು ಬೆಲೆಯ ನೋಟಿಗೆ ಡ್ರಾಯರಿನಲ್ಲಿ ಒಂದೊಂದು ಗೂಡು ಇತ್ತು. ಯಾರು ಅವಸರ ಮಾಡಿದರೂ ಎಣಿಸಿ ಮುಗಿಯುವವರೆಗೆ ನಾನು ತಲೆ ಎತ್ತುತ್ತಿರಲಿಲ್ಲ. ಟ್ಯಾಕ್ಸಿಯಲ್ಲಿ ಇದ್ಯಾವುದೂ ಇರಲಿಲ್ಲ.

ಮಾರನೇ ದಿನದಿಂದ ಹೀಗೆ ಮಾಡಿದೆವು. ಬೆಳಗ್ಗೆ ತಿಂಡಿಗೆ ಇಳಿಯುವ ಮೊದಲು ಹಾಸಿಗೆ ಮೇಲೆ ನೋಟು ಹರವಿ, ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಬೇರೆ ತೆಗೆಯುವುದು. ಐದು ಲಕ್ಷದ ನೋಟು, ಎರಡು ಲಕ್ಷದ ನೋಟು ಹೆಂಡತಿಯ ಹತ್ತಿರ. ಒಂದು ಲಕ್ಷ ಮತ್ತು ಅದಕ್ಕಿಂತ ಚಿಕ್ಕದು ನನ್ನ ಪರ್ಸಿನಲ್ಲಿ. ದೊಡ್ಡ ನೋಟು ಬೇಕಾದರೆ ಅವಳನ್ನು ಕೇಳಬೇಕು. ಹಾಗೆ ಕೇಳುವುದಕ್ಕೆ ಹಿಡಿಯುವ ಅರ್ಧ ನಿಮಿಷದಲ್ಲಿ ನೋಟನ್ನು ಇಬ್ಬರೂ ನೋಡುತ್ತೇವೆ. ಆಮೇಲೆ ಒಂದೇ ಒಂದು ಸಲವೂ ತಪ್ಪಲಿಲ್ಲ.

ಲೆಕ್ಕಕ್ಕೆ ಸುಲಭ ಉಪಾಯ ಹೇಳುತ್ತೇನೆ. ನೋಟಿನ ಕೊನೆಯ ಮೂರು ಸೊನ್ನೆಯನ್ನು ಹೆಬ್ಬೆರಳಿನಿಂದ ಮುಚ್ಚಿ. ಉಳಿದದ್ದನ್ನು ಮೂರೂವರೆಯಿಂದ ಗುಣಿಸಿ. ಹೆಚ್ಚುಕಡಿಮೆ ರೂಪಾಯಿ ಲೆಕ್ಕ ಸಿಗುತ್ತದೆ. ಅಲ್ಲಿಯ ಅಂಗಡಿಗಳಲ್ಲೂ 50,000 ಅನ್ನೋದನ್ನು 50 ಕೆ ಅಂತ ಬರೆದಿರುತ್ತಾರೆ. ನಾಣ್ಯದ ಗೋಜಿಲ್ಲ, ಬರೀ ನೋಟಿನದೇ ವ್ಯವಹಾರ.

ಡಾಂಗ್ ಇಲ್ಲಿಂದಲೇ ಒಯ್ಯಲು ಒದ್ದಾಡಬೇಡಿ. ಹನೋಯಿ ವಿಮಾನ ನಿಲ್ದಾಣದಲ್ಲಿ 50 ಡಾಲರ್ ಮಾತ್ರ ಬದಲಾಯಿಸಿ, ಮಿಕ್ಕಿದ್ದನ್ನು ಮಾರನೇ ದಿನ ಪೇಟೆಯ ಬ್ಯಾಂಕಿನಲ್ಲಿ. ಬೆಳಗಿನ ಹೊತ್ತು ಹೋಗಿ. ನೂರು ಡಾಲರ್‌ಗೆ ಇಪ್ಪತ್ತೈದು ಲಕ್ಷಕ್ಕೂ ಜಾಸ್ತಿ ಡಾಂಗ್ ಬರುತ್ತದೆ, ಕಟ್ಟು ನೋಡಿ ಗಾಬರಿ ಆಗಬೇಡಿ. ನಮ್ಮ ಎಲ್ಲ ಬ್ರಾಂಚಿನಲ್ಲೂ ಒಂದು ಬೋರ್ಡು ಇರುತ್ತಿತ್ತು, ಕೌಂಟರ್ ಬಿಡುವ ಮುನ್ನ ಹಣ ಎಣಿಸಿಕೊಳ್ಳಿ ಅಂತ. ಹಿಂದೆ ಎಷ್ಟೇ ಉದ್ದ ಸಾಲಿರಲಿ, ಅಲ್ಲೇ ನಿಂತು ಎಣಿಸಿ. ಅಪ್ಪ ಎಣಿಸಲಿ, ಆಮೇಲೆ ನೀವು ಎಣಿಸಿ.

ಶಿಡ್ಲಘಟ್ಟ ರೇಷ್ಮೆ

ಕ್ಯಾಷಿಯರ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಕಾರ್ಡ್ ವಿಷಯದಲ್ಲಿ ನನಗಾದದ್ದನ್ನು ಸೇರಿಸುತ್ತೇನೆ. ಟೀಚರ್, ನಿಮ್ಮ ಹತ್ತಿರ ಕಾರ್ಡ್ ಒಂದೇ ಇದೆ ಅಂದಿರಲ್ಲ, ಅದನ್ನು ಓದಿಯೇ ನನಗೆ ಆ ಸಂಜೆ ನೆನಪಾಯಿತು.

ನಮ್ಮದು ಗೂಡು ಬಿಚ್ಚುವ ಕೆಲಸ, ಚಿಕ್ಕ ರೀಲಿಂಗ್ ಘಟಕ. ಎರಡು ವರ್ಷದ ಹಿಂದೆ ನಾನು, ಯಜಮಾನರು, ನನ್ನ ಅಣ್ಣ ಅತ್ತಿಗೆ ಬ್ಯಾಂಕಾಕ್‌ಗೆ ಹೋಗಿದ್ದೆವು. ಶನಿವಾರ ಸಂಜೆ. ಅಂಗಡಿಯೊಂದರ ಹೊರಗಿದ್ದ ಎಟಿಎಂನಲ್ಲಿ ದುಡ್ಡು ತೆಗೆದೆ. ನಮ್ಮ ಊರಿನ ಎಟಿಎಂನಲ್ಲಿ ಕಾರ್ಡ್ ಮೊದಲು ಈಚೆ ಬಂದು ಆಮೇಲೆ ದುಡ್ಡು ಬರುತ್ತದೆ. ಆ ಮೆಷಿನ್ನಿನಲ್ಲಿ ದುಡ್ಡು ಮೊದಲು ಬಂತು. ಕೈಗೆ ದುಡ್ಡು ಬಂತಲ್ಲ, ಮುಗಿಯಿತು ಅಂತ ತಿರುಗಿದೆ. ಹತ್ತು ಹೆಜ್ಜೆ ಹೋಗಿ ನೆನಪಾಗಿ ಓಡಿ ಬಂದರೆ ಕಾರ್ಡ್ ಒಳಗೆ ಹೋಗಿತ್ತು. ಪಕ್ಕದಲ್ಲಿ ಬ್ಯಾಂಕ್ ಇಲ್ಲ, ಇದ್ದರೂ ಸೋಮವಾರದವರೆಗೆ ಬಾಗಿಲು ಹಾಕಿರುತ್ತದೆ.

ಸರಿ, ಕಾರ್ಡ್ ಬ್ಲಾಕ್ ಮಾಡೋಣ ಅಂತ ಕಾರ್ಡಿನ ಹಿಂದಿದ್ದ ನಂಬರ್ ನೆನೆದೆ. ಕಾರ್ಡೇ ಇಲ್ಲವಲ್ಲ, ನಂಬರ್ ಎಲ್ಲಿ ನೋಡಲಿ? ಅಣ್ಣ ಹುಡುಕಿ ಕೊಟ್ಟ, ಅದು 1800 ನಂಬರ್. ಅಲ್ಲಿಂದ ಹೋಗಲಿಲ್ಲ. ಬ್ಯಾಂಕಿನ ಆ್ಯಪ್ ತೆರೆದರೆ ಒಟಿಪಿ ಕೇಳಿತು. ಒಟಿಪಿ ಬರಬೇಕಾದ ಸಿಮ್ ತೆಗೆದು ಅಲ್ಲಿಯ ಸಿಮ್ ಹಾಕಿಕೊಂಡಿದ್ದೆ. ವಾಪಸ್ ಹಾಕಿದರೆ ರೋಮಿಂಗ್ ಆನ್ ಆಗಿರಲಿಲ್ಲ. ಬೀದಿ ಬದಿಯಲ್ಲಿ ನಿಂತು ನನ್ನ ಕೈ ನಡುಗುತ್ತಿತ್ತು. ಖಾತೆಯಲ್ಲಿ ಗೂಡು ಕೊಳ್ಳಲು ಇಟ್ಟಿದ್ದ ದುಡ್ಡು ಪೂರ್ತಿ ಇತ್ತು. ಕೊನೆಗೆ ಶಿಡ್ಲಘಟ್ಟದಲ್ಲಿದ್ದ ಮಗನಿಗೆ ವಾಟ್ಸಾಪ್ ಕಾಲ್ ಮಾಡಿ, ಅವನು ಅಲ್ಲಿಂದ ಬ್ಯಾಂಕಿಗೆ ಫೋನ್ ಹಚ್ಚಿ, ನಾನು ಸ್ಪೀಕರಿನಲ್ಲಿ ಮಾತಾಡಿ ಬ್ಲಾಕ್ ಮಾಡಿಸಿದೆವು. ಒಂದೂವರೆ ಗಂಟೆ ಹಿಡಿಯಿತು. ದುಡ್ಡೇನೂ ಹೋಗಲಿಲ್ಲ, ಆ ದೇವರ ದಯೆ. ಉಳಿದ ದಿನ ಅಣ್ಣನ ಕಾರ್ಡಿನಲ್ಲಿ ನಡೆಸಿದೆವು.

ಅದಕ್ಕೇ ಹೇಳುತ್ತೇನೆ. ಹೊರಡುವ ಮೊದಲು ಪ್ರವಾಸಕ್ಕೆ ಅಂತ ಬೇರೆ ಒಂದು ಖಾತೆ ಮಾಡಿಸಿ, ಅದಕ್ಕೆ ಕಾರ್ಡ್ ತೆಗೆದುಕೊಳ್ಳಿ. ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಅದಕ್ಕೆ ಹಾಕಿ. ಕೊಬ್ಬರಿ ದುಡ್ಡಿನ ಖಾತೆಯ ಕಾರ್ಡ್ ಮನೆಯಲ್ಲೇ ಬೀರುವಿನಲ್ಲಿರಲಿ. ನಿಮ್ಮ ಸಂಬಳದ ಕಾರ್ಡ್ ಎರಡನೆಯದಾಗಿ ಬೇರೆ ಬ್ಯಾಗಿನಲ್ಲಿರಲಿ. ಕಾರ್ಡಿನ ಹಿಂದಿರುವ ನಂಬರುಗಳಲ್ಲಿ +91 ಅಂತ ಶುರುವಾಗುವುದನ್ನು ಒಂದು ಚೀಟಿಯಲ್ಲಿ ಬರೆದು ಮೂವರ ಹತ್ತಿರವೂ ಇಡಿ. ಫೋನ್‌ನಲ್ಲಿ ಮಾತ್ರ ಇಟ್ಟರೆ ಫೋನ್ ಕಳೆದ ದಿನ ಅದೂ ಇಲ್ಲ. ಊರಿನ ಸಿಮ್‌ಗೆ ಇಲ್ಲಿದ್ದಾಗಲೇ ರೋಮಿಂಗ್ ಆನ್ ಮಾಡಿಸಿ, ಅದನ್ನು ಫೋನ್‌ನಿಂದ ತೆಗೆಯಬೇಡಿ.

ಎಟಿಎಂ ಬ್ಯಾಂಕಿಗೆ ಅಂಟಿಕೊಂಡಿರುವುದೇ ಆಗಲಿ, ಹಗಲು ಹೊತ್ತು, ಕೆಲಸದ ದಿನ. ಕಾರ್ಡ್ ನುಂಗಿದರೆ ಒಳಗೆ ಹೋಗಿ ಕೇಳಬಹುದು. ಥಾಯ್ಲೆಂಡಿನಲ್ಲಿ ಹೊರಗಿನ ಕಾರ್ಡಿಗೆ ಒಂದು ಸಲಕ್ಕೆ ಇನ್ನೂರಕ್ಕೂ ಜಾಸ್ತಿ ಬಾತ್ ಶುಲ್ಕ ಹಿಡಿದರು. ಚೂರುಚೂರಾಗಿ ನಾಲ್ಕು ಸಲ ತೆಗೆದಿದ್ದೆ, ನಾಲ್ಕು ಸಲವೂ ಕಟ್ಟಿದೆ.

ತಿಪಟೂರು ಟೀಚರ್

ಸರ್, ಅಕ್ಕ, ಇಬ್ಬರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. 25,000ದ ಕಾನೂನು ಕೇಳಿ ಸುಮ್ಮನಾದರು. ಟ್ಯಾಕ್ಸಿ ವಿಷಯ ಬಂದಾಗ "ಎಣಿಸೋದು ಗೊತ್ತಿರೋರಿಗೇ ಹೀಗಾದರೆ" ಅಂತ ಒಂದು ಮಾತು ಅಂದು, ಇನ್ನೊಂದು ಸಲ ಓದು ಅಂದರು.

ಎರಡು ಪ್ರಶ್ನೆ ಉಳಿದಿವೆ. ಅಪ್ಪನ ರುಪೇ ಕಾರ್ಡ್ ಅಲ್ಲಿ ನಡೆಯುತ್ತಾ? ಫಾರೆಕ್ಸ್ ಕಾರ್ಡ್ ಅಂತ ಒಂದಿದೆಯಂತೆ, ಅದನ್ನು ತೆಗೆದುಕೊಂಡರೆ ಒಳ್ಳೆಯದಾ? ಇನ್ನೊಂದು, ಅಪ್ಪ ದುಡ್ಡು ತಮ್ಮ ಹತ್ತಿರ ಇಲ್ಲದಿದ್ದರೆ ಪೂರ್ತಿ ಪ್ರವಾಸ ಚಡಪಡಿಸುತ್ತಾರೆ. ಅದು ನನಗೆ ಇಷ್ಟ ಇಲ್ಲ. ಅವರು ಖುಷಿಯಾಗಿ ಇರಲಿ ಅಂತಲೇ ಕರೆದುಕೊಂಡು ಹೋಗುತ್ತಿರುವುದು.

ಶಿರಾ ಗೇಟ್ ಕ್ಯಾಷಿಯರ್

ಶಿಡ್ಲಘಟ್ಟದ ತಾಯಿ ಹೇಳಿದ ಬೇರೆ ಖಾತೆಯ ಉಪಾಯ ಬಹಳ ಒಳ್ಳೆಯದು. ನಾನೂ ಹಾಗೇ ಮಾಡಿದ್ದೆ, ಬರೆಯಲು ಮರೆತೆ.

ಎಲ್ಲ ರುಪೇ ಕಾರ್ಡೂ ಹೊರದೇಶದಲ್ಲಿ ನಡೆಯುವುದಿಲ್ಲ. ಅಪ್ಪನದು ಯಾವ ಬಗೆಯದು ಅಂತ ಬ್ರಾಂಚಿನಲ್ಲಿ ತೋರಿಸಿ ಕೇಳಿ. ನಿಮ್ಮ ಕಾರ್ಡೂ ಅಷ್ಟೇ, ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ಹೊರದೇಶದ ವ್ಯವಹಾರ ಮೊದಲಿನಿಂದಲೇ ಬಂದ್ ಆಗಿರುತ್ತದೆ. 2020ರಲ್ಲಿ ಆರ್‌ಬಿಐ ಮಾಡಿದ ನಿಯಮ ಅದು. ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಮಾಡುವಾಗ ದಿನಕ್ಕೆ ಇಷ್ಟು ಅಂತ ಮಿತಿಯನ್ನೂ ಹಾಕಿ. ಆನ್‌ಲೈನ್ ಖರೀದಿಯನ್ನು ಆನ್ ಮಾಡಬೇಡಿ, ಯಾಕೆಂದರೆ ಹೊರದೇಶದ ಜಾಲತಾಣಗಳಲ್ಲಿ ಒಟಿಪಿ ಕೇಳದೆಯೇ ದುಡ್ಡು ಹೋಗಬಹುದು. ಎಟಿಎಂ ಮತ್ತು ಅಂಗಡಿಯ ಮೆಷಿನ್ ಎರಡು ಸಾಕು. ವಾಪಸ್ ಬಂದು ವಿಮಾನ ಇಳಿದ ಕೂಡಲೇ ಎಲ್ಲ ಆಫ್.

ಫಾರೆಕ್ಸ್ ಕಾರ್ಡ್ ಒಳ್ಳೆಯದೇ. ನಿಮ್ಮ ಖಾತೆಗೂ ಅದಕ್ಕೂ ಸಂಬಂಧ ಇರುವುದಿಲ್ಲ, ಹೋದರೂ ಅದರಲ್ಲಿ ಹಾಕಿದ್ದಷ್ಟೇ. ಆದರೆ ಡಾಲರ್ ತುಂಬಿದ ಕಾರ್ಡಿನಿಂದ ಡಾಂಗ್‌ನಲ್ಲಿ ಖರ್ಚು ಮಾಡಿದರೆ ಹಲವು ಕಾರ್ಡುಗಳಲ್ಲಿ ಮೇಲೆ ಶುಲ್ಕ ಬೀಳುತ್ತದೆ. ಮಾಮೂಲಿ ಡೆಬಿಟ್ ಕಾರ್ಡಿನಲ್ಲೂ ಬೀಳುತ್ತದೆ. ಎರಡರದ್ದೂ ಶೇಕಡಾ ಎಷ್ಟು ಅಂತ ಕೇಳಿ, ಕಡಿಮೆ ಇರುವುದನ್ನು ಹಿಡಿಯಿರಿ.

ಒಂದು ಮುಖ್ಯ ವಿಷಯ. ಅಂಗಡಿಯ ಮೆಷಿನ್ನಿನಲ್ಲಿ ಅಥವಾ ಎಟಿಎಂನಲ್ಲಿ ರೂಪಾಯಿಯಲ್ಲಿ ಕಟ್ಟುತ್ತೀರೋ ಡಾಂಗ್‌ನಲ್ಲೋ ಅಂತ ಕೇಳುತ್ತದೆ. ರೂಪಾಯಿ ಕಂಡರೆ ನಮ್ಮದೇ ಅಲ್ವಾ ಅಂತ ಕೈ ಅಲ್ಲಿಗೇ ಹೋಗುತ್ತದೆ. ಡಾಂಗ್ ಅಂತಲೇ ಒತ್ತಿ. ರೂಪಾಯಿ ಒತ್ತಿದರೆ ಆ ಮೆಷಿನ್ನಿನವರು ತಮ್ಮ ರೇಟಿನಲ್ಲಿ ಲೆಕ್ಕ ಹಾಕುತ್ತಾರೆ, ಅದು ನಿಮಗೆ ನಷ್ಟ.

ನಿಮ್ಮದಲ್ಲದ ಖರ್ಚು ಖಾತೆಯಲ್ಲಿ ಕಂಡರೆ ಅದೇ ದಿನ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 2017ರ ಆರ್‌ಬಿಐ ಸುತ್ತೋಲೆಯಲ್ಲಿ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೋದ ದುಡ್ಡಿಗೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಇಲ್ಲ ಅಂತ ಬರೆದಿತ್ತು. ಪ್ರವಾಸ ಮುಗಿಯಲಿ, ಊರಿಗೆ ಹೋಗಿ ನೋಡೋಣ ಅಂದವರನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ಅವರ ಮುಖ ಈಗಲೂ ಕಣ್ಣಮುಂದೆ ಬರುತ್ತದೆ.

ವೀಸಾ ಮಾಡಿಸಿ ಆಯಿತೋ ಇಲ್ಲವೋ ನೀವು ಹೇಳಿಲ್ಲ. ಒಂದು ಸಲದ ಇ-ವೀಸಾಕ್ಕೆ ಸರ್ಕಾರದ ಶುಲ್ಕ 25 ಡಾಲರ್. ಗವ್ ಡಾಟ್ ವಿಎನ್ ಅಂತ ಮುಗಿಯುವ ಅವರ ಸರ್ಕಾರಿ ಜಾಲತಾಣದಲ್ಲೇ ಕಟ್ಟಿ. ಅದೇ ಥರ ಕಾಣುವ ಬೇರೆಯವು ಬಹಳ ಇವೆ. ಅಲ್ಲಿ ಹೋಟೆಲಿನವರು ನೋಂದಣಿಗೆ ಪಾಸ್‌ಪೋರ್ಟ್ ಇಸಿದುಕೊಂಡರೆ, ಕೆಲಸ ಮುಗಿದ ಮೇಲೆ ಕೇಳಿ ವಾಪಸ್ ತೆಗೆದುಕೊಳ್ಳಿ.

ಡಾಂಗ್ ಉಳಿಸಿಕೊಂಡು ಬರಬೇಡಿ, ನಮ್ಮ ಕಡೆ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ಡಾಲರ್ ಉಳಿದರೆ 2,000ದವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು.

ಇನ್ನು ಅಪ್ಪ. ಅವರಿಂದ ದುಡ್ಡು ಕಿತ್ತುಕೊಳ್ಳಬೇಡಮ್ಮ. ಡಾಲರ್ ಅವರ ಹತ್ತಿರವೇ ಇರಲಿ, ಅದೇ ಪಟ್ಟಾಪಟ್ಟಿ ಚಡ್ಡಿ ಜೇಬಿನಲ್ಲಿ, ಅದೇ ಪಿನ್ನು ಹಾಕಿ. ನನ್ನ ಪ್ರಕಾರ ಅದಕ್ಕಿಂತ ಭದ್ರವಾದ ಜಾಗ ಇಲ್ಲ. ಬೀದಿಯಲ್ಲಿ ಅಲ್ಲಿಗೆ ಕೈ ಹಾಕಬಾರದು, ಅಷ್ಟೇ. ರೂಮಿನಲ್ಲಿ, ಬೆಳಗ್ಗೆ, ಕೂತು ತೆಗೆಯಬೇಕು. ದಿನಕ್ಕೆ ಬೇಕಾದ ಡಾಂಗ್ ನಿಮ್ಮ ಹತ್ತಿರ. ನಿಮ್ಮ ಅಮ್ಮ ಎಲೆಅಡಿಕೆ ಹಾಕುತ್ತಾರೋ? ಹಾಕುವವರಾದರೆ ಸಂಚಿ ಇರುತ್ತದಲ್ಲ, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಅಂತ ಪದರ ಇರುವುದು. ನನ್ನ ತಾಯಿಯದು ನಾಲ್ಕು ಪದರದ್ದು. ನೋಟು ಬೇರೆ ಬೇರೆ ಇಡಲು ನನ್ನ ಕ್ಯಾಶ್ ಡ್ರಾಯರಿಗಿಂತ ಅದು ಚೆನ್ನ.

ಕೋಲಾರ ಮಂಡಿ

ಸರ್, ನಾನು ಗೊತ್ತಿಲ್ಲದೆ ತಪ್ಪು ಹೇಳಿದ್ದೆ. ತಿದ್ದಿದ್ದಕ್ಕೆ ಧನ್ಯವಾದ. ಅಕ್ಕ, ಕ್ಷಮಿಸಿ. ಒಂದು ಸೇರಿಸುತ್ತೇನೆ, ಬಾಡಿಗೆ ಗಾಡಿಗೆ ಗ್ರ್ಯಾಬ್ ಆ್ಯಪ್ ಇಲ್ಲಿಂದಲೇ ಹಾಕಿಕೊಂಡು ಹೋಗಿ. ನನ್ನ ಸ್ನೇಹಿತ ಹನೋಯಿಯಲ್ಲಿ ಅದನ್ನೇ ಬಳಸಿದ. ಹತ್ತುವ ಮೊದಲೇ ದರ ಕಾಣುತ್ತದೆ, ನಗದೂ ಕೊಡಬಹುದು. ಅಷ್ಟೇ ಎಣಿಸಿ ಕೈಯಲ್ಲಿ ಹಿಡಿದುಕೊಂಡು ಕೂತರೆ ಇಳಿಯುವಾಗ ಅವಸರ ಇರಲ್ಲ.

ತಿಪಟೂರು ಟೀಚರ್

ಎಲ್ಲ ಮುಗಿಸಿಕೊಂಡು ಬರೆಯುತ್ತಿದ್ದೇನೆ. ಬೇರೆ ಖಾತೆ ಆಯಿತು, ಕಾರ್ಡ್ ಬಂತು, ಹೊರದೇಶದ ಬಳಕೆ ಆನ್ ಮಾಡಿ ದಿನದ ಮಿತಿ ಹಾಕಿದೆ. ಅಪ್ಪನ ರುಪೇ ಕಾರ್ಡ್ ಹೊರಗೆ ನಡೆಯಲ್ಲ ಅಂತ ಬ್ಯಾಂಕಿನಲ್ಲಿ ಹೇಳಿದರು, ಅದು ಮನೆಯಲ್ಲೇ ಇರುತ್ತದೆ. ಡಾಲರ್ 650 ತೆಗೆದುಕೊಂಡೆವು. ಕೌಂಟರಿನಲ್ಲಿ ಅಪ್ಪ ಒಂದೊಂದು ನೋಟನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಒಂದರ ಮೂಲೆಯಲ್ಲಿ ಇಂಕಿನ ಚುಕ್ಕೆ ಇದೆ ಅಂತ ಬದಲಾಯಿಸಿಕೊಂಡರು. ಆ ಹುಡುಗ ಬೇಸರ ಮಾಡಿಕೊಳ್ಳಲಿಲ್ಲ. ವೀಸಾ ಸರ್ಕಾರಿ ಜಾಲತಾಣದಲ್ಲೇ ಮಾಡಿದ್ದೆ ಸರ್. +91 ನಂಬರಿನ ಚೀಟಿ ಮೂರು ಬರೆದೆ.

ಅಮ್ಮನ ಸಂಚಿ ಎಲೆ ಸುಣ್ಣದ ಕಲೆಯಿಂದ ತುಂಬಿತ್ತು, ಅದಕ್ಕೆ ಹಳೇ ರವಿಕೆ ಬಟ್ಟೆಯಲ್ಲಿ ಹೊಸದು ಹೊಲಿದಳು. ಆರು ಪದರ. ಪಾಲಿಮರ್ ನೋಟು ಹತ್ತು ಸಾವಿರದಿಂದ ಐದು ಲಕ್ಷದವರೆಗೆ ಆರೇ ಇರೋದು ಅಂತ ನಾನು ಹೇಳಿದ್ದೆ. ಐದು ಲಕ್ಷದ ಪದರಕ್ಕೆ ಮಾತ್ರ ಬಾಯಿಗೆ ಕೆಂಪು ದಾರ ಕಟ್ಟಿದ್ದಾಳೆ, ಬಿಚ್ಚದೆ ನೋಟು ಈಚೆ ಬರುವುದಿಲ್ಲ. ನಾನು ಶಾಲೆಯ ಬಣ್ಣದ ಕಾಗದದಲ್ಲಿ ನೋಟಿನ ಅಳತೆಗೆ ಚೀಟಿ ಕತ್ತರಿಸಿ ಮೇಲೆ ಸೊನ್ನೆ ಬರೆದುಕೊಟ್ಟೆ. ಎರಡು ನೀಲಿಯನ್ನೂ ಬೇಕಂತಲೇ ಒಂದೇ ಕಾಗದದಲ್ಲಿ ಮಾಡಿದೆ.

ನಿನ್ನೆ ರಾತ್ರಿ ಊಟ ಆದ ಮೇಲೆ ಪಡಸಾಲೆಯಲ್ಲಿ ಅಪ್ಪ ಅಂಗಡಿಯವರು, ಅಮ್ಮ ಗಿರಾಕಿ. ಅಪ್ಪ 80,000 ಕೇಳಿದರು. ಅಮ್ಮ ಹೆಬ್ಬೆರಳಿನಿಂದ ಮೂರು ಸೊನ್ನೆ ಮುಚ್ಚಿ, ಬಾಯಲ್ಲಿ ಲೆಕ್ಕ ಹಾಕಿ, ನಾಲ್ಕು ನೀಲಿ ಚೀಟಿ ಎಣಿಸಿ ಕೊಟ್ಟಳು. ಕೆಂಪು ದಾರ ಬಿಚ್ಚಲಿಲ್ಲ.